ತಪ್ಪು ಹೊಡೆತವನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್: ಕಾಸರಗೋಡಿನ ಗಾಲ್ಫ್ ಆಟಗಾರರಿಗೆ ಸಮಗ್ರ ಮಾರ್ಗದರ್ಶಿ

ಐರನ್ ಎಂದರೆ ಲೋಹದ ಚಪ್ಪಟೆ ತಲೆಯ ಗಾಲ್ಫ್ ಕ್ಲಬ್; ಅದರ ಸಂಖ್ಯೆ ಹೆಚ್ಚಾದಂತೆ ಚೆಂಡು ಹೋಗುವ ದೂರ ಕಡಿಮೆ. ಐರನ್ ಸೆಟ್ ಕೊಳ್ಳಲು ಹೋದವರು ಸಾಮಾನ್ಯವಾಗಿ ನೋಡುವುದು ಒಂದೇ ಸಂಗತಿ: 7-ಐರನ್‌ನಲ್ಲಿ ಚೆಂಡು ಎಷ್ಟು ದೂರ ಹೋಯಿತು? ಹತ್ತರಲ್ಲಿ ಒಂದು ಹೊಡೆತ 165 ಗಜ ದಾಟಿದರೆ ಆ ಸೆಟ್ ಮನಸ್ಸಿಗೆ ಹಿಡಿಸಿಬಿಡುತ್ತದೆ. ಉಳಿದ ಒಂಬತ್ತು ಎಲ್ಲಿ ಬಿದ್ದವು ಎಂದು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಹ್ಯಾಂಡಿಕ್ಯಾಪ್ (ಆಟದ ಮಟ್ಟ ತೋರಿಸುವ ಅಂಕಿ, ಹೆಚ್ಚಿದ್ದಷ್ಟೂ ಆಟ ಕೆಳಮಟ್ಟದ್ದು) ಹತ್ತು ದಾಟಿದವರ ಸ್ಕೋರ್ ನಿರ್ಧಾರವಾಗುವುದು ಆ ಒಂಬತ್ತರಿಂದಲೇ. ಹಾಗಾಗಿ ಇಲ್ಲಿ ಹೇಳುವ ಪ್ರತಿಯೊಂದು ಹಂತವೂ ನಿಮ್ಮ ಕೆಟ್ಟ ಹೊಡೆತ ಎಲ್ಲಿ ಹೋಗಿ ಬೀಳುತ್ತದೆ ಎಂಬುದನ್ನೇ ಹಿಡಿದು ನಡೆಯುತ್ತದೆ.

ಹ್ಯಾಂಡಿಕ್ಯಾಪ್ ಸುಮಾರು 10ರಿಂದ 20 ಇದ್ದರೆ ಮಧ್ಯಮ, 20ರ ಮೇಲಿದ್ದರೆ ಹೆಚ್ಚು ಎಂದು ಇಟ್ಟುಕೊಳ್ಳೋಣ. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಕೊನೆಯ 20 ಸುತ್ತುಗಳ ಪೈಕಿ ಉತ್ತಮವಾದ 8ನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಅಂದರೆ 18 ಹ್ಯಾಂಡಿಕ್ಯಾಪ್‌ನವರು ದಿನನಿತ್ಯ ಆಡುವ ಆಟ ಆ ಅಂಕಿಗಿಂತ ಕೆಳಮಟ್ಟದ್ದೇ. ಕ್ಲಬ್ ಆರಿಸುವಾಗ ಆ ದಿನನಿತ್ಯದ ಆಟಕ್ಕೆ ಹೊಂದುವಂಥದ್ದನ್ನು ಆರಿಸಬೇಕು, ವರ್ಷದಲ್ಲಿ ಒಮ್ಮೆ ಬರುವ ಒಳ್ಳೆಯ ಸುತ್ತಿಗೆ ಹೊಂದುವಂಥದ್ದನ್ನಲ್ಲ.

ಮೊದಲ ಕೆಲಸ: ಚೆಂಡು ಫೇಸ್‌ನ ಯಾವ ಜಾಗಕ್ಕೆ ತಗಲುತ್ತಿದೆ?

ಅಂಗಡಿಗೆ ಹೋಗುವ ಮುಂಚೆ, ಈಗ ಕೈಯಲ್ಲಿರುವ 7-ಐರನ್‌ನಲ್ಲೇ ಇದನ್ನು ಮಾಡಿ. ಶಾಲೆಯ ಬಿಳಿ ಹಲಗೆಗೆ ಬಳಸುವ ಮಾರ್ಕರ್ ಒಂದು ಸಾಕು. ಫೇಸ್, ಅಂದರೆ ಚೆಂಡಿಗೆ ತಗಲುವ ಮುಖ, ಒರೆಸಿ ಒಣಗಿಸಿ, ಗೆರೆಗಳಿರುವ ಭಾಗಕ್ಕೆಲ್ಲ ಮಾರ್ಕರ್ ಬಳಿಯಿರಿ. ಒಂದು ಚೆಂಡು ಹೊಡೆಯಿರಿ. ತಗಲಿದ ಜಾಗದಲ್ಲಿ ಶಾಯಿ ಅಳಿಸಿ ದುಂಡನೆಯ ಗುರುತು ಬಿದ್ದಿರುತ್ತದೆ. ಕಾಗದದ ಮೇಲೆ ಫೇಸ್‌ನ ಚಿತ್ರ ಬರೆದು ಅದೇ ಜಾಗದಲ್ಲಿ ಚುಕ್ಕಿ ಇಡಿ. ಒರೆಸಿ, ಮತ್ತೆ ಬಳಿದು, ಮತ್ತೆ ಹೊಡೆಯಿರಿ. ಇಪ್ಪತ್ತು ಚುಕ್ಕಿಗಳಾದರೆ ಚಿತ್ರ ಸ್ಪಷ್ಟವಾಗುತ್ತದೆ. ಇದನ್ನು ಹುಲ್ಲಿನ ಮೇಲೆಯೇ ಮಾಡಬೇಕು, ಮ್ಯಾಟ್ ಮೇಲೆ ಅಲ್ಲ. ಕಾರಣ ಮುಂದೆ ಬರುತ್ತದೆ.

ಚುಕ್ಕಿಗಳು ಟೋ (ತಲೆಯ ಹೊರತುದಿ) ಕಡೆಗೂ ಹೀಲ್ (ಕೋಲು ಸೇರುವ ತುದಿ) ಕಡೆಗೂ ಚದುರಿದ್ದರೆ ನಿಮಗೆ ಬೇಕಾದದ್ದು ಉದ್ದನೆಯ ತಲೆಯ, ಅಂಚುಗಳಲ್ಲಿ ಭಾರವಿರುವ ಐರನ್. ಹೆಚ್ಚಿನವು ಕೆಳಗಿನ ಎರಡು ಗೆರೆಗಳ ಆಸುಪಾಸಿನಲ್ಲಿದ್ದರೆ ಭಾರ ತಳಕ್ಕೆ ಇಳಿದಿರುವ ಐರನ್ ಬೇಕು. ಚೆಂಡಿಗಿಂತ ಮೊದಲು ಮಣ್ಣು ಕೀಳುತ್ತಿದ್ದರೆ ಪ್ರಶ್ನೆ ಸೋಲ್‌ನದ್ದು, ಅಂದರೆ ತಲೆಯ ತಳದ್ದು. ಇಪ್ಪತ್ತೂ ಚುಕ್ಕಿಗಳು ಟೋ ಬಳಿ ಒಂದೇ ಕಡೆ ಗುಂಪಾಗಿದ್ದರೆ ಹೊಸ ಸೆಟ್‌ಗೆ ಹಣ ಹಾಕಬೇಡಿ. ನಿಮ್ಮ ಹೊಡೆತ ಸ್ಥಿರವಾಗಿದೆ. ಕ್ಲಬ್ಬಿನ ಉದ್ದವೋ ಲೈ ಕೋನವೋ (ಕೋಲು ನೆಲಕ್ಕೆ ವಾಲುವ ಕೋನ) ನಿಲ್ಲುವ ದೂರವೋ ಸರಿಯಿಲ್ಲ. ಅದನ್ನು ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದು.

ತಲೆಯೊಳಗಿನ ಭಾರದ ಲೆಕ್ಕ

7-ಐರನ್‌ನ ತಲೆ ಸುಮಾರು 270 ಗ್ರಾಂ ತೂಗುತ್ತದೆ. ನುರಿತವರ ತೆಳು ಬ್ಲೇಡ್ ಆಗಲಿ, ತಪ್ಪು ಹೊಡೆತವನ್ನು ತಾಳಿಕೊಳ್ಳುವ ಅತಿ ಸುಲಭದ ಐರನ್ ಆಗಲಿ, ಈ ತೂಕ ಹೆಚ್ಚು ಬದಲಾಗುವುದಿಲ್ಲ. ಆ ಭಾರವನ್ನು ಎಲ್ಲಿ ಇಟ್ಟಿದ್ದಾರೆ ಎಂಬುದರಲ್ಲೇ ವ್ಯತ್ಯಾಸ. ಬ್ಲೇಡ್‌ನಲ್ಲಿ ಭಾರವೆಲ್ಲ ನಡುವಿನಲ್ಲಿ ಕೂಡಿರುತ್ತದೆ. ಚೆಂಡು ಟೋಗೆ ತಗಲಿದರೆ ತಲೆ ತಿರುಚಿಕೊಳ್ಳುತ್ತದೆ, ವೇಗ ಸೋರಿಹೋಗುತ್ತದೆ, ಚೆಂಡು ಗ್ರೀನ್‌ಗೆ (ಕುಳಿಯಿರುವ ನುಣುಪು ಹುಲ್ಲಿಗೆ) ಮೊದಲೇ ಬಂಕರ್‌ಗೆ (ಮರಳಿನ ಗುಂಡಿಗೆ) ಬೀಳುತ್ತದೆ. ನಡುವನ್ನು ಟೊಳ್ಳು ಮಾಡಿ ಭಾರವನ್ನು ಅಂಚಿಗೆ ತಳ್ಳಿದರೆ ತಲೆ ಅಷ್ಟು ಸುಲಭಕ್ಕೆ ತಿರುಗುವುದಿಲ್ಲ. ಪಿಂಗ್ ಕಂಪನಿಯ ಸ್ಥಾಪಕ ಕಾರ್ಸ್ಟನ್ ಸೋಲ್‌ಹೈಮ್ ಈ ತತ್ತ್ವವನ್ನು ಐರನ್‌ಗಳಿಗೆ ತಂದವರಲ್ಲಿ ಪ್ರಮುಖರು. 1982ರಲ್ಲಿ ಬಂದ ಪಿಂಗ್ ಐ2 ಇಂದಿಗೂ ಕೆಲವರ ಬ್ಯಾಗ್‌ನಲ್ಲಿದೆ.

ಈಗಿನ ಸೆಟ್‌ಗಳಲ್ಲಿ ಟೋ ತುದಿಯಲ್ಲಿ, ತಳದಲ್ಲಿ ಟಂಗ್‌ಸ್ಟನ್ ತುಂಡು ಕೂರಿಸುವುದು ಸಾಮಾನ್ಯ. ಉಕ್ಕಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.8 ಗ್ರಾಂ, ಟಂಗ್‌ಸ್ಟನ್‌ನದ್ದು 19.3. ಚಿಕ್ಕ ಜಾಗದಲ್ಲಿ ಹೆಚ್ಚು ಭಾರ ಹಿಡಿಯುವುದರಿಂದ ತಲೆಯನ್ನು ದೊಡ್ಡದು ಮಾಡದೆಯೇ ಭಾರವನ್ನು ಬೇಕಾದಲ್ಲಿಗೆ ಒಯ್ಯಬಹುದು. ಹಾಗೆಂದು ಟಂಗ್‌ಸ್ಟನ್ ಎಂಬ ಅಕ್ಷರ ಕೆತ್ತಿದ್ದೆಲ್ಲ ಒಳ್ಳೆಯದೆಂದು ತಿಳಿಯಬಾರದು. ಎಷ್ಟು ಗ್ರಾಂ, ಯಾವ ಜಾಗದಲ್ಲಿ ಎಂದು ಕೇಳಿ.

ತೆಳು ಫೇಸ್‌ನ, ಒಳಗೆ ಪೂರ್ತಿ ಪೊಳ್ಳಾದ ಐರನ್‌ಗಳ ಬಗ್ಗೆ ಒಂದು ಎಚ್ಚರಿಕೆ. ಅವು ತಪ್ಪು ಹೊಡೆತದಲ್ಲೂ ಚೆಂಡಿನ ವೇಗ ಉಳಿಸುತ್ತವೆ, ನಿಜ. ಆದರೆ ಕೆಲವು ವಿನ್ಯಾಸಗಳಲ್ಲಿ ಅಪರೂಪಕ್ಕೊಂದು ಚೆಂಡು ಕಡಿಮೆ ಸ್ಪಿನ್‌ನೊಂದಿಗೆ ಹೊರಟು 10–15 ಗಜ ಹೆಚ್ಚು ಹಾರಿಬಿಡುತ್ತದೆ. ಗ್ರೀನ್ ಹಿಂದೆ ಇಳಿಜಾರೋ ಪೊದೆಯೋ ಇರುವ ನಮ್ಮ ಕಡೆಯ ಗುಡ್ಡದ ಕೋರ್ಸ್‌ಗಳಲ್ಲಿ ಗ್ರೀನ್ ದಾಟಿದ ಚೆಂಡು ಮುಟ್ಟದ ಚೆಂಡಿಗಿಂತ ದುಬಾರಿ.

ಲಾಫ್ಟ್: ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ನಂಬಬೇಡಿ

ಹಿಂದೆ 7-ಐರನ್‌ನ ಲಾಫ್ಟ್ (ಫೇಸ್ ಹಿಂದಕ್ಕೆ ವಾಲಿರುವ ಕೋನ) 34–35 ಡಿಗ್ರಿ ಇರುತ್ತಿತ್ತು. ಈಗಿನ ಸುಲಭದ ಐರನ್‌ಗಳಲ್ಲಿ ಅದು 28–30. 2022ರ ಟೇಲರ್‌ಮೇಡ್ ಸ್ಟೆಲ್ತ್‌ನಲ್ಲಿ 28, 2021ರ ಪಿಂಗ್ ಜಿ425ರಲ್ಲಿ 30. ಹಳೆಯ ಲೆಕ್ಕದಲ್ಲಿ ಇವು 6 ಅಥವಾ 5-ಐರನ್. ದೂರ ಹೆಚ್ಚಾದದ್ದರಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಬಂದದ್ದು.

ಇದು ಮೋಸವೇನಲ್ಲ. ಭಾರ ಕೆಳಗಿದ್ದಾಗ ಚೆಂಡು ತಾನಾಗಿ ಎತ್ತರಕ್ಕೆ ಏಳುತ್ತದೆ, ಅದನ್ನು ಹತೋಟಿಗೆ ತರಲು ಲಾಫ್ಟ್ ಇಳಿಸುತ್ತಾರೆ. ತೊಂದರೆ ಬರುವುದು ಸ್ವಿಂಗ್ ವೇಗ ಕಡಿಮೆ ಇರುವವರಿಗೆ. 7-ಐರನ್‌ನಲ್ಲಿ ಚೆಂಡು ಗಾಳಿಯಲ್ಲಿ 130 ಗಜಕ್ಕಿಂತ ಕಡಿಮೆ ಹೋಗುವವರಿಗೆ 28 ಡಿಗ್ರಿಯಲ್ಲಿ ಬೇಕಾದ ಎತ್ತರ ಸಿಗುವುದು ಕಷ್ಟ. ಚೆಂಡು ಗ್ರೀನ್‌ಗೆ ಇಳಿಯುವ ಕೋನ 45 ಡಿಗ್ರಿಯ ಹತ್ತಿರ ಇದ್ದರೆ ಅಲ್ಲಿ ನಿಲ್ಲುತ್ತದೆ. 40ಕ್ಕಿಂತ ಕೆಳಗೆ ಹೋದರೆ, ಅದರಲ್ಲೂ ಮಾರ್ಚ್–ಏಪ್ರಿಲ್‌ನ ಗಟ್ಟಿ ಗ್ರೀನ್‌ನಲ್ಲಿ, ಉರುಳಿಕೊಂಡು ಗ್ರೀನ್‌ನ ಹಿಂಬದಿಗೆ ಹೋಗುತ್ತದೆ. ಅಂಥವರು 31–32 ಡಿಗ್ರಿಯ 7-ಐರನ್ ಇರುವ ಸೆಟ್ ಹುಡುಕಬೇಕು. ಕೆಲವು ಕಂಪನಿಗಳು ಒಂದೇ ತಲೆಯನ್ನು ಹೆಚ್ಚು ಲಾಫ್ಟ್‌ನಲ್ಲೂ ಕೊಡುತ್ತವೆ, ಕೇಳಿ ನೋಡಿ.

ಇನ್ನೊಂದು ತುದಿಯಲ್ಲಿ, ಹತ್ತಿರದ ಹೊಡೆತಕ್ಕೆ, ಪಿಚಿಂಗ್ ವೆಡ್ಜ್. ಅದು ಈಗ 41–44 ಡಿಗ್ರಿಗೆ ಇಳಿದಿದೆ. ನಿಮ್ಮ ಸ್ಯಾಂಡ್ ವೆಡ್ಜ್ 56 ಆಗಿದ್ದರೆ ನಡುವೆ 12–15 ಡಿಗ್ರಿಯ ಕಂದಕ. 70ರಿಂದ 110 ಗಜದವರೆಗಿನ ಹೊಡೆತಗಳಿಗೆ ಕ್ಲಬ್ಬೇ ಇಲ್ಲದಂತಾಗುತ್ತದೆ. ಆದ್ದರಿಂದ ಸೆಟ್‌ನ ಬೆಲೆ ಕೇಳುವಾಗ ಈ ಕಂದಕ ತುಂಬುವ ಅದೇ ಮಾದರಿಯ ಗ್ಯಾಪ್ ವೆಡ್ಜ್‌ನ ಬೆಲೆಯನ್ನೂ ಸೇರಿಸಿ ಕೇಳಿ. ವೆಡ್ಜ್‌ಗಳ ನಡುವೆ 4ರಿಂದ 6 ಡಿಗ್ರಿ ಅಂತರವಿದ್ದರೆ ಸಾಕು.

ಸೋಲ್ ಮತ್ತು ನಮ್ಮ ನೆಲ

ಕಂಪನಿಗಳ ಪುಸ್ತಿಕೆಗಳಲ್ಲಿ ಕಾಣಿಸದ, ಆದರೆ ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ನಮ್ಮವರಲ್ಲಿ ಹಲವರು ಗಾಲ್ಫ್ ಕಲಿತದ್ದು ಕೊಲ್ಲಿಯಲ್ಲಿ. ಅಲ್ಲಿನ ಕೋರ್ಸ್‌ಗಳು ಮರಳಿನ ಮೇಲೆ ಹುಲ್ಲು ಬೆಳೆಸಿದವು. ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ 1988ರಲ್ಲಿ ಶುರುವಾದಾಗಿನಿಂದ ಆ ಪ್ರದೇಶದಲ್ಲಿ ಇದೇ ಪದ್ಧತಿ ಬೆಳೆಯಿತು. ಮರಳಿನ ತಳ ನೀರನ್ನು ತಕ್ಷಣ ಹೀರಿಕೊಳ್ಳುತ್ತದೆ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದ. ಊರಿಗೆ ಬಂದು ಮಂಗಳೂರಿನ ಪಿಲಿಕುಳಕ್ಕೋ, ಘಟ್ಟ ಹತ್ತಿ ಮಡಿಕೇರಿಗೋ ವಿರಾಜಪೇಟೆ ಬಳಿಯ ಬಿಟ್ಟಂಗಾಲಕ್ಕೋ ಹೋದರೆ ನೆಲವೇ ಬೇರೆ.

ಕರಾವಳಿಯಲ್ಲಿ ಮಣ್ಣಿನ ಅಡಿಯಲ್ಲಿ ಮುರಕಲ್ಲು. ಫೆಬ್ರವರಿಯಿಂದ ಪತ್ತನಾಜೆಯವರೆಗೆ ನೆಲ ಕಾದು ಗಟ್ಟಿಯಾಗುತ್ತದೆ, ಹುಲ್ಲು ತೆಳ್ಳಗಾಗುತ್ತದೆ. ಜೂನ್ ಬಂತೆಂದರೆ ವರ್ಷದ 3,000 ಮಿಲಿಮೀಟರ್‌ಗೂ ಮಿಕ್ಕಿದ ಮಳೆಯಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ಆಟಿಯಲ್ಲಿ ಮೇಲ್ಮಣ್ಣು ಕೆಸರು. ಒಂದೇ ಸೆಟ್ ಎರಡಕ್ಕೂ ಆಗಬೇಕು.

ಕೆಸರು ನೆಲದಲ್ಲಿ ಅಗಲ ಸೋಲ್ ದೇವರು ಕೊಟ್ಟ ವರ. ಸ್ವಲ್ಪ ಹಿಂದೆ ಬಿದ್ದರೂ ಕ್ಲಬ್ ಹೂತುಕೊಳ್ಳದೆ ಜಾರಿ ಮುಂದಕ್ಕೆ ಹೋಗುತ್ತದೆ. ತೆಳು ಸೋಲ್‌ನ, ಚೂಪು ಅಂಚಿನ ಐರನ್ ಅದೇ ಜಾಗದಲ್ಲಿ ಹಾರೆಯ ಹಾಗೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಗಟ್ಟಿ ನೆಲದಲ್ಲಿ ಕಥೆ ತಿರುಗುಮುರುಗು. ಅಗಲವೂ ಬೌನ್ಸ್ ಕೋನವೂ (ಸೋಲ್ ಮುಂದಿನ ಅಂಚಿಗಿಂತ ಕೆಳಗಿಳಿದಿರುವ ಕೋನ) ಎರಡೂ ಹೆಚ್ಚಿದ್ದರೆ ಸೋಲ್ ನೆಲಕ್ಕೆ ಬಡಿದು ಪುಟಿಯುತ್ತದೆ, ಮುಂಚೂಣಿಯ ಅಂಚು ಚೆಂಡಿನ ನಡುವಿಗೆ ತಗಲಿ ಚೆಂಡು ನೆಲ ಸವರಿಕೊಂಡು ಓಡುತ್ತದೆ.

ಆದ್ದರಿಂದ ಹುಡುಕಬೇಕಾದದ್ದು ಮಧ್ಯಮ ಅಗಲದ ಸೋಲ್: 7-ಐರನ್‌ನಲ್ಲಿ ಸುಮಾರು 20ರಿಂದ 24 ಮಿ.ಮೀ. ಸ್ಕೇಲ್ ಇಟ್ಟು ಅಳೆಯಿರಿ. ಮುಂದಿನ ಅಂಚು ದುಂಡಗಿರಬೇಕು, ಹಿಂದಿನ ಅಂಚನ್ನು ಸವೆಸಿ ಇಳಿಸಿರಬೇಕು. ಹಾಗಿದ್ದರೆ ಮಳೆಯಲ್ಲಿ ಪೂರ್ತಿ ಅಗಲ ಕೆಲಸ ಮಾಡುತ್ತದೆ, ಬೇಸಿಗೆಯಲ್ಲಿ ಹಿಂಭಾಗ ನೆಲಕ್ಕೆ ತಗಲದೆ ಪಾರಾಗುತ್ತದೆ. 25 ಮಿ.ಮೀ.ಗಿಂತ ಅಗಲವಿರುವ ಸೋಲ್‌ಗಳು, ಕ್ಲೀವ್‌ಲ್ಯಾಂಡ್ ಲಾಂಚರ್ ಎಕ್ಸ್‌ಎಲ್ ಹೇಲೋನಂಥ ಹೈಬ್ರಿಡ್ (ಐರನ್‌ಗಿಂತ ದಪ್ಪ ತಲೆಯ, ಹೊಡೆಯಲು ಸುಲಭದ ಕ್ಲಬ್) ರೂಪದ ಐರನ್‌ಗಳು, ಪ್ರತಿ ಸಲವೂ ಚೆಂಡಿಗಿಂತ ಮೊದಲು ನೆಲ ಹೊಡೆಯುವವರಿಗೆ ಮತ್ತು ಮಳೆಗಾಲದಲ್ಲೇ ಹೆಚ್ಚು ಆಡುವವರಿಗೆ ಸರಿ. ಬೇಸಿಗೆಯ ಬೋಳು ನೆಲದಲ್ಲಿ ಅವು ಕಷ್ಟ ಕೊಡುತ್ತವೆ.

ಅಂಗಡಿಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನಯವಾದ ಟೈಲ್ಸ್ ನೆಲದ ಮೇಲೆ 7-ಐರನ್ ಅನ್ನು ಆಡುವ ಭಂಗಿಯಲ್ಲಿ ಇಡಿ, ಶಾಫ್ಟ್ ಅನ್ನು, ಅಂದರೆ ಕೋಲನ್ನು, ಮುಂದಕ್ಕೂ ಹಿಂದಕ್ಕೂ ಬಾಗಿಸಬೇಡಿ. ಮುಂಚೂಣಿಯ ಅಂಚಿನ ಅಡಿಗೆ ವಿಸಿಟಿಂಗ್ ಕಾರ್ಡ್‌ಗಳನ್ನು ಒಂದರ ಮೇಲೊಂದು ತೂರಿಸಿ. ಎರಡು ಸೆಟ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದರ ಅಂಚು ನೆಲದಿಂದ ಹೆಚ್ಚು ಮೇಲೆ ನಿಲ್ಲುತ್ತದೆ ಎಂಬುದು ಕಾರ್ಡ್‌ಗಳ ಎಣಿಕೆಯಲ್ಲೇ ಗೊತ್ತಾಗುತ್ತದೆ. ಮುರಕಲ್ಲು ನೆಲಕ್ಕೆ ಕಡಿಮೆ ಕಾರ್ಡ್ ಹಿಡಿಯುವುದೇ ಒಳ್ಳೆಯದು.

ಇನ್ನು ಮ್ಯಾಟ್ ವಿಷಯ. ಡ್ರೈವಿಂಗ್ ರೇಂಜ್‌ನ ಪ್ಲಾಸ್ಟಿಕ್ ಮ್ಯಾಟ್ ಮೇಲೆ ಎರಡು ಇಂಚು ಹಿಂದೆ ಬಿದ್ದ ಕ್ಲಬ್ಬೂ ಜಾರಿ ಬಂದು ಚೆಂಡಿಗೆ ತಗಲುತ್ತದೆ. ಎಲ್ಲ ಸೋಲ್‌ಗಳೂ ಅಲ್ಲಿ ಒಳ್ಳೆಯವೇ. ಮ್ಯಾಟ್ ಮೇಲೆ ಮಾತ್ರ ಪರೀಕ್ಷಿಸಿ ಕೊಂಡ ಸೆಟ್ ಹುಲ್ಲಿಗೆ ಬಂದಾಗ ಬೇರೆಯೇ ಆಗಿ ವರ್ತಿಸುವುದು ಇದರಿಂದ. ಬೇರೆ ದಾರಿಯೇ ಇಲ್ಲದಿದ್ದರೆ ಚೆಂಡಿನ ಹಿಂದೆ ನಾಲ್ಕು ಇಂಚು ದೂರದಲ್ಲಿ ಒಂದು ಮಡಚಿದ ಕರವಸ್ತ್ರ ಇಡಿ. ಕ್ಲಬ್ ಅದಕ್ಕೆ ತಗಲಿದ ಹೊಡೆತವನ್ನು, ಚೆಂಡು ಎಷ್ಟೇ ಚೆನ್ನಾಗಿ ಹೋಗಲಿ, ಕೆಟ್ಟದ್ದೆಂದೇ ಬರೆದುಕೊಳ್ಳಿ.

ಆಫ್‌ಸೆಟ್

ಶಾಫ್ಟ್‌ನ ಗೆರೆಗಿಂತ ಫೇಸ್ ಸ್ವಲ್ಪ ಹಿಂದಿರುವುದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಇದರಿಂದ ಫೇಸ್ ಮುಚ್ಚಿಕೊಳ್ಳಲು ಕ್ಷಣಾಂಶ ಹೆಚ್ಚು ಸಿಗುತ್ತದೆ. ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗುವುದು ಕಡಿಮೆಯಾಗುತ್ತದೆ. ಸ್ಲೈಸ್ ಇರುವವರಿಗೆ ಸಹಾಯ. ಚೆಂಡು ಈಗಾಗಲೇ ಎಡಕ್ಕೆ ಹೋಗುತ್ತಿದ್ದರೆ ಕಡಿಮೆ ಆಫ್‌ಸೆಟ್ ಇರುವುದನ್ನೇ ಆರಿಸಿ.

ಶಾಫ್ಟ್: ಮೊದಲು ತೂಕ, ಆಮೇಲೆ ಬಿಗಿ

ರೆಗ್ಯುಲರ್ ಬೇಕೋ ಸ್ಟಿಫ್ ಬೇಕೋ ಎಂಬ ಪ್ರಶ್ನೆಯಿಂದ ಶುರು ಮಾಡುವುದು ತಪ್ಪು. ಒಂದು ಕಂಪನಿಯ ರೆಗ್ಯುಲರ್ ಇನ್ನೊಂದರ ಸ್ಟಿಫ್‌ಗೆ ಸಮ ಇರಬಹುದು, ಅದಕ್ಕೆ ಸರ್ವಮಾನ್ಯ ಅಳತೆಯೇ ಇಲ್ಲ. ತೂಕ ಮಾತ್ರ ಗ್ರಾಂನಲ್ಲಿ ಖಚಿತ. ಭಾರದ ಉಕ್ಕಿನ ಶಾಫ್ಟ್, ಉದಾಹರಣೆಗೆ ಡೈನಾಮಿಕ್ ಗೋಲ್ಡ್, 130 ಗ್ರಾಂ ಹತ್ತಿರ. ನಿಪ್ಪಾನ್ ಎನ್‌ಎಸ್ ಪ್ರೊ 950 ಜಿಎಚ್‌ನಂಥ ಹಗುರ ಉಕ್ಕು 95ರ ಆಸುಪಾಸು. ಗ್ರಾಫೈಟ್ 50ರಿಂದ 80ರ ನಡುವೆ ಹೆಚ್ಚಾಗಿ ಸಿಗುತ್ತದೆ.

7-ಐರನ್‌ನಲ್ಲಿ 150 ಗಜಕ್ಕಿಂತ ಕಡಿಮೆ ಹೊಡೆಯುವವರಿಗೆ 130 ಗ್ರಾಂ ಬೇಡವೇ ಬೇಡ. 130–150 ಗಜದವರು 85ರಿಂದ 100 ಗ್ರಾಂ ಉಕ್ಕಿನಿಂದ ಶುರುಮಾಡಿ. ಅದಕ್ಕಿಂತ ಕಡಿಮೆ ಇರುವವರು, ಮೊಣಕೈ ಅಥವಾ ಮಣಿಕಟ್ಟು ನೋವಿರುವವರು 60–70 ಗ್ರಾಂ ಗ್ರಾಫೈಟ್ ನೋಡಿ. ಕರಾವಳಿಯ ಸೆಕೆಯಲ್ಲಿ 14ನೇ ಹೋಲ್ ಹೊತ್ತಿಗೆ ಮೈ ಸೋತಿರುತ್ತದೆ. ಶಾಫ್ಟ್ ಭಾರವಾಗಿದ್ದರೆ ಆಗ ಚೆಂಡು ಬಲಕ್ಕೆ, ತಗ್ಗಿನಲ್ಲಿ ಹೋಗತೊಡಗುತ್ತದೆ. ಬೆಳಗ್ಗಿನ ತಾಜಾ ಮೈಯಲ್ಲಿ ಮಾಡಿದ ಪರೀಕ್ಷೆ ಇದನ್ನು ತೋರಿಸುವುದಿಲ್ಲ, ಹಾಗಾಗಿ ಐವತ್ತು ಚೆಂಡು ಹೊಡೆದು ದಣಿದ ಮೇಲೆ ಇನ್ನೊಮ್ಮೆ ಅದೇ ಶಾಫ್ಟ್ ಹಿಡಿಯಿರಿ. ತೀರಾ ಹಗುರವಾದರೆ ಲಯ ತಪ್ಪಿ ಎಡಕ್ಕೆ ಎಳೆಯುವುದು, ನೆಲಕ್ಕೆ ಬಡಿಯುವುದು ಶುರುವಾಗುತ್ತದೆ.

ಉದ್ದ, ಲೈ, ಗ್ರಿಪ್

ಆಟದ ಶೂ ಹಾಕಿ ನೆಟ್ಟಗೆ ನಿಂತು, ಕೈ ಸಡಿಲ ಬಿಟ್ಟು, ಮಣಿಕಟ್ಟಿನ ಮಡಿಕೆಯಿಂದ ನೆಲದವರೆಗೆ ಅಳೆಸಿ. ಸುಮಾರು 33ರಿಂದ 36 ಇಂಚು ಇದ್ದರೆ ಸಾಮಾನ್ಯ ಉದ್ದವೇ ಸಾಕಾಗುವ ಸಂಭವ ಹೆಚ್ಚು. ಎತ್ತರ ಕಡಿಮೆ ಇದ್ದರೂ ತೋಳು ಗಿಡ್ಡ ಇದ್ದರೆ ಈ ಅಳತೆ ಅಷ್ಟೇ ಬರುತ್ತದೆ, ಆದ್ದರಿಂದ ಎತ್ತರವೊಂದನ್ನೇ ಕೇಳಿ ಕ್ಲಬ್ ಕತ್ತರಿಸಿ ಕೊಡುವವರನ್ನು ನಂಬಬೇಡಿ.

ಲೈ ಕೋನಕ್ಕೆ ಮತ್ತೆ ಅದೇ ಮಾರ್ಕರ್. ಚೆಂಡಿನ ಮೇಲೆ ದಪ್ಪನೆಯ ನೇರ ಗೆರೆ ಎಳೆದು, ಗೆರೆ ಫೇಸ್ ಕಡೆಗೆ ಲಂಬವಾಗಿ ನಿಲ್ಲುವಂತೆ ಇಟ್ಟು ಹೊಡೆಯಿರಿ. ಫೇಸ್ ಮೇಲೆ ಗೆರೆಯ ಅಚ್ಚು ಬೀಳುತ್ತದೆ. ಅದು ಫೇಸ್‌ನ ಗೆರೆಗಳಿಗೆ ನೇರ ಲಂಬವಾಗಿದ್ದರೆ ಲೈ ಸರಿ. ಮೇಲ್ತುದಿ ಟೋ ಕಡೆ ವಾಲಿದರೆ ಕ್ಲಬ್ ತೀರಾ ನೆಟ್ಟಗಿದೆ, ಚೆಂಡು ಎಡಕ್ಕೆ ಹೋಗುತ್ತದೆ. ಹೀಲ್ ಕಡೆ ವಾಲಿದರೆ ತೀರಾ ಚಪ್ಪಟೆ, ಬಲಕ್ಕೆ. ಮೂರ್ನಾಲ್ಕು ಅಚ್ಚು ಒಂದೇ ರೀತಿ ಬಂದರೆ ಮಾತ್ರ ತೀರ್ಮಾನಿಸಿ. ಎರಕ ಹೊಯ್ದ ಸ್ಟೇನ್‌ಲೆಸ್ ತಲೆಗಳನ್ನು 1–2 ಡಿಗ್ರಿಗಿಂತ ಹೆಚ್ಚು ಬಾಗಿಸಿದರೆ ಕುತ್ತಿಗೆ ಮುರಿಯುವ ಅಪಾಯವಿದೆ; ಫೋರ್ಜ್ ಮಾಡಿದ (ಬಡಿದು ರೂಪಿಸಿದ) ಮೆತ್ತನೆಯ ಉಕ್ಕು ಸುಲಭಕ್ಕೆ ಬಾಗುತ್ತದೆ. ಲಾಫ್ಟ್ ಬಾಗಿಸುವುದಾದರೆ ಇದು ನೆನಪಿರಲಿ: ಲಾಫ್ಟ್ 1 ಡಿಗ್ರಿ ಇಳಿಸಿದರೆ ಬೌನ್ಸ್ ಕೂಡ 1 ಡಿಗ್ರಿ ಇಳಿಯುತ್ತದೆ.

ಗ್ರಿಪ್ ಹಿಡಿದಾಗ ಮೇಲಿನ ಕೈಯ ನಡುಬೆರಳು, ಉಂಗುರ ಬೆರಳುಗಳ ತುದಿ ಅಂಗೈಗೆ ಹಗುರವಾಗಿ ಮುಟ್ಟಬೇಕು. ಬೆವರುವ ಕೈಗೆ ನೂಲು ಸೇರಿಸಿದ ಕಾರ್ಡ್ ಗ್ರಿಪ್ ಒಳ್ಳೆಯದು.

ಎಷ್ಟು ಐರನ್ ಬೇಕು?

ನಿಯಮದ ಪ್ರಕಾರ ಬ್ಯಾಗ್‌ನಲ್ಲಿ 14 ಕ್ಲಬ್‌ಗಳವರೆಗೆ ಇರಬಹುದು. 20ರ ಮೇಲಿನ ಹ್ಯಾಂಡಿಕ್ಯಾಪ್‌ನವರು 4 ಮತ್ತು 5-ಐರನ್‌ಗೆ ಹಣ ಕೊಡಬೇಡಿ. 6ರಿಂದ ಪಿಚಿಂಗ್ ವೆಡ್ಜ್, ಜೊತೆಗೆ ಗ್ಯಾಪ್ ವೆಡ್ಜ್. ಮೇಲ್ಗಡೆಗೆ ಎರಡು ಹೈಬ್ರಿಡ್ ಅಥವಾ ಒಂದು ಹೈಬ್ರಿಡ್ ಮತ್ತು ಒಂದು 7-ವುಡ್ (ದೂರದ ಹೊಡೆತದ ದಪ್ಪ ತಲೆಯ ಕ್ಲಬ್). ನಿಮ್ಮ 6-ಐರನ್ ಮತ್ತು 7-ಐರನ್ ಒಂದೇ ದೂರ ಹೋಗುತ್ತಿದ್ದರೆ 6ನ್ನೂ ಬಿಟ್ಟು ಅಲ್ಲಿಂದಲೇ ಹೈಬ್ರಿಡ್ ಶುರುಮಾಡಿ.

ತೀರ್ಮಾನದ ಪರೀಕ್ಷೆ

ಆಯ್ಕೆ ಎರಡು ಸೆಟ್‌ಗೆ ಇಳಿದ ಮೇಲೆ ಹೀಗೆ ಮಾಡಿ. ಎರಡರಲ್ಲೂ 20 ಚೆಂಡು, ಆದರೆ ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬೇಡಿ. ಐದೈದರಂತೆ ಬದಲಿಸುತ್ತಾ ಹೊಡೆಯಿರಿ. ಇಲ್ಲವಾದರೆ ಮೊದಲಿನದ್ದಕ್ಕೆ ಮೈ ಬಿಸಿಯಾಗಿರುವುದಿಲ್ಲ, ಎರಡನೆಯದಕ್ಕೆ ದಣಿವು. ಸಾಧ್ಯವಾದರೆ ನೀವು ಆಡುವ ಚೆಂಡನ್ನೇ ಬಳಸಿ. ಸವೆದ ರೇಂಜ್ ಚೆಂಡು ಕಡಿಮೆ ಹಾರುತ್ತದೆ. ಚೆಂಡಿನ ಹಾರಾಟ ಅಳೆಯುವ ಲಾಂಚ್ ಮಾನಿಟರ್ ಇದ್ದರೆ ಗಾಳಿಯಲ್ಲಿ ಹೋದ ದೂರವನ್ನು ಮಾತ್ರ ಬರೆದುಕೊಳ್ಳಿ, ಉರುಳಿದ್ದನ್ನು ಬಿಡಿ. ಇಲ್ಲದಿದ್ದರೆ ಜೊತೆಗಾರರೊಬ್ಬರನ್ನು ಬದಿಯಲ್ಲಿ ಸುರಕ್ಷಿತ ದೂರದಲ್ಲಿ ನಿಲ್ಲಿಸಿ, ಬಿದ್ದ ಜಾಗ ಗುರುತಿಸಿ.

20 ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ. ನಡುವಿನದ್ದು, ಅಂದರೆ 10 ಮತ್ತು 11ನೆಯದರ ಸರಾಸರಿ, ನಿಮ್ಮ ನಿಜವಾದ ದೂರ. ಈಗ ಕೊನೆಯ ಐದರ ಸರಾಸರಿ ತೆಗೆದು, ಅದನ್ನು ಆ ನಡುವಿನ ದೂರದಿಂದ ಕಳೆಯಿರಿ. ಒಂದು ಸೆಟ್‌ನಲ್ಲಿ ನಡು 142, ಕೊನೆಯ ಐದು 118 ಬಂದರೆ ವ್ಯತ್ಯಾಸ 24 ಗಜ. ಇನ್ನೊಂದರಲ್ಲಿ ನಡು 137, ಕೊನೆಯ ಐದು 124 ಬಂದರೆ 13 ಗಜ. ಎರಡನೆಯದನ್ನು ಕೊಳ್ಳಿ. ಐದು ಗಜ ಕಡಿಮೆ ಹೋದರೆ ಒಂದು ಕ್ಲಬ್ ಹೆಚ್ಚು ತೆಗೆದುಕೊಂಡರಾಯಿತು. 24 ಗಜದ ಕೊರತೆಗೆ ಯಾವ ಕ್ಲಬ್ ತೆಗೆದುಕೊಳ್ಳಬೇಕೆಂದು ಮುಂಚಿತವಾಗಿ ತಿಳಿಯುವುದೇ ಇಲ್ಲ. ಮೊದಲ ಎರಡು ಅಂಕಿಗಳು ಮೂರನೆಯದಕ್ಕಿಂತ ಹತ್ತು ಗಜಕ್ಕೂ ಹೆಚ್ಚು ಮೇಲಿದ್ದರೆ ಆ ತಲೆಯಲ್ಲಿ ಮೇಲೆ ಹೇಳಿದ ಹಾರುವ ಚೆಂಡಿನ ಗುಣವಿದೆ ಎಂದು ಅನುಮಾನಿಸಿ.

ಕೊಲ್ಲಿಯಿಂದ ಬರುವ ಹಳೆಯ ಸೆಟ್

ಎರಡು ಮೂರು ವರ್ಷ ಹಳೆಯ ಸುಲಭದ ಐರನ್ ಸೆಟ್ ಬಹಳ ಒಳ್ಳೆಯ ವ್ಯಾಪಾರ. ಈ ತಂತ್ರಜ್ಞಾನ ವರ್ಷಕ್ಕೆ ವರ್ಷ ಅಷ್ಟೇನೂ ಬದಲಾಗುವುದಿಲ್ಲ. ನೆಂಟರ ಕೈಲಿ ತರಿಸುವ ಮುಂಚೆ ಫೋಟೋ, ವಿಡಿಯೋ ತರಿಸಿಕೊಳ್ಳಿ: ಪ್ರತಿ ತಲೆಯ ಫೇಸ್, ಸೋಲ್, ಶಾಫ್ಟ್‌ನ ಪಟ್ಟಿ. ಎಲ್ಲ ಶಾಫ್ಟ್‌ಗಳೂ ಒಂದೇ ಮಾದರಿಯವೇ? ಕ್ಲಬ್‌ಗಳನ್ನು ಸಾಲಾಗಿ ನಿಲ್ಲಿಸಿದಾಗ ಒಂದರಿಂದ ಇನ್ನೊಂದಕ್ಕೆ ಸುಮಾರು ಅರ್ಧ ಇಂಚಿನ ಮೆಟ್ಟಿಲು ಕಾಣುತ್ತದೆಯೇ? ಮೆಟ್ಟಿಲು ತಪ್ಪಿದ್ದರೆ ಯಾರೋ ಕತ್ತರಿಸಿದ್ದಾರೆ. ತಲೆ ಅಲ್ಲಾಡಿಸಿದಾಗ ಕಟಕಟ ಸದ್ದು ಬಂದರೆ ಒಳಗೆ ಅಂಟು ಕಳಚಿದೆ. ಫೆರುಲ್ ಎಂಬ ಕಪ್ಪು ಉಂಗುರ ತಲೆಯಿಂದ ಮೇಲೆ ಸರಿದಿದ್ದರೂ ಅದೇ ಸೂಚನೆ. ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಇಟ್ಟ ಸೆಟ್‌ಗಳಲ್ಲಿ ಎಪಾಕ್ಸಿ ಅಂಟು ಮೆತ್ತಗಾಗುತ್ತದೆ. ಉಕ್ಕಿನ ಶಾಫ್ಟ್ ಅನ್ನು ಮೇಜಿನ ಮೇಲೆ, ತಲೆಯನ್ನು ಅಂಚಿನಾಚೆ ಬಿಟ್ಟು ಉರುಳಿಸಿದರೆ ಬಾಗಿರುವುದು ಗೊತ್ತಾಗುತ್ತದೆ. ಗ್ರಾಫೈಟ್ ಮೇಲೆ ಉಗುರಿಗೆ ಸಿಗುವ ಗೀರು ಇದ್ದರೆ ಬೇಡ. ಮರಳು ನೆಲದಲ್ಲಿ ಆಡಿದ ವೆಡ್ಜ್‌ಗಳ ಗೆರೆಗಳು ಬೇಗ ಸವೆಯುತ್ತವೆ. ಉಗುರು ಅಡ್ಡ ಎಳೆದಾಗ ಗೆರೆಯ ಅಂಚು ತಡೆಯದಿದ್ದರೆ ಬೆಲೆ ಇಳಿಸಲು ಹೇಳಿ. ವಿಮಾನದ ಕ್ಯಾಬಿನ್‌ಗೆ ಗಾಲ್ಫ್ ಕ್ಲಬ್ ಬಿಡುವುದಿಲ್ಲ. ಲಗೇಜ್‌ಗೆ ಹಾಕುವಾಗ ತಲೆಗಳಿಗೆ ಬಟ್ಟೆ ಸುತ್ತಿ, ಅವುಗಳಿಗಿಂತ ಎತ್ತರದ ಗಟ್ಟಿ ಕೋಲೊಂದನ್ನು ಬ್ಯಾಗ್‌ನಲ್ಲಿ ನಿಲ್ಲಿಸಿ, ಹೊಡೆತ ಅದಕ್ಕೆ ಬೀಳಲಿ.

ಸಮುದ್ರದ ಹತ್ತಿರ ವಾಸಿಸುವವರಿಗೆ ತುಕ್ಕಿನ ಮಾತು. ಕ್ರೋಮ್ ಲೇಪವಿಲ್ಲದ ಫೋರ್ಜ್ ಉಕ್ಕು ಒಂದೇ ಮಳೆಗಾಲದಲ್ಲಿ ಕಂದುತ್ತದೆ, ಸ್ಟೇನ್‌ಲೆಸ್ ಎರಕದ ತಲೆ ತಡೆದುಕೊಳ್ಳುತ್ತದೆ. ಉಕ್ಕಿನ ಶಾಫ್ಟ್ ಹೊರಗೆ ಹೊಳೆಯುತ್ತಿದ್ದರೂ ಗ್ರಿಪ್ ತುದಿಯ ಚಿಕ್ಕ ತೂತಿನಿಂದ ನೀರು ಒಳಗಿಳಿದು ಒಳಗಿನಿಂದ ತಿನ್ನುತ್ತದೆ. ಮಳೆಯಲ್ಲಿ ಆಡಿ ಬಂದ ದಿನ ಕ್ಲಬ್‌ಗಳನ್ನು ಬ್ಯಾಗ್‌ನಿಂದ ಹೊರತೆಗೆದು ಒರೆಸಿ, ಗ್ರಿಪ್ ಕೆಳಗೆ ಬರುವಂತೆ ಫ್ಯಾನ್ ಅಡಿಯಲ್ಲಿ ರಾತ್ರಿಯಿಡೀ ಒರಗಿಸಿಡಿ. ಗ್ರಿಪ್ ಬದಲಿಸುವಾಗ ಶಾಫ್ಟ್ ಒಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಪುಡಿ ಉದುರಿದರೆ ಆ ಶಾಫ್ಟ್ ಬದಲಿಸದೆ ಮುಂದೆ ಆಡಬೇಡಿ.